ಕುಡಿತ ಬಿಟ್ಟ ಮೂರನೇ ವಾರ

ಆಸ್ಪತ್ರೆಯಿಂದ ಬಂದು ಹದಿನೈದು ಇಪ್ಪತ್ತು ದಿನ ಆಗುವಷ್ಟರಲ್ಲಿ ಮನೆಯವರ ಬಾಯಲ್ಲಿ ಒಂದು ಮಾತು ಬಂದೇ ಬರುತ್ತದೆ: "ಕುಡೀತಿದ್ದಾಗ್ಲೇ ವಾಸಿ ಇತ್ತು." ಕುಡಿತ ನಿಂತಿದೆ, ಕೈನಡುಕ ಹೋಗಿದೆ, ಊಟ ಸೇರುತ್ತಿದೆ. ಆದರೂ ಮನುಷ್ಯ ರಾತ್ರಿಯಿಡೀ ಹೊರಳಾಡುತ್ತಾನೆ, ಬಾಗಿಲು ಬಡಿದರೆ ಬೆಚ್ಚಿ ಬೀಳುತ್ತಾನೆ, ಉಪ್ಪು ಕಮ್ಮಿಯಾದರೆ ತಟ್ಟೆ ಎಸೆಯುತ್ತಾನೆ, ಇಲ್ಲವೇ ಗಂಟೆಗಟ್ಟಲೆ ಮಾತಿಲ್ಲದೆ ಕೂತಿರುತ್ತಾನೆ. ಇಷ್ಟು ಖರ್ಚು ಮಾಡಿದ್ದು ನೀರಿನಲ್ಲಿ ಹೋಮವಾಯಿತು ಎಂದು ಮನೆಯವರು ಕೈಚೆಲ್ಲುವುದು ಈ ಹೊತ್ತಿನಲ್ಲೇ. ನಮ್ಮ ಮನೆಗಳಲ್ಲಿ ಇದನ್ನು ಕಂಡು, ಓಪಿಡಿ ಬೆಂಚುಗಳಲ್ಲಿ ಕಾದು, ಮನೆಯವರ ಗುಂಪುಗಳಲ್ಲಿ ಕೂತ ನಾವು ಒತ್ತಿ ಹೇಳಬೇಕಾದ್ದು ಇಷ್ಟು: ಆಗ ಚಿಕಿತ್ಸೆ ಸೋತಿರುವುದಿಲ್ಲ. ಇಷ್ಟು ವರ್ಷ ಕುಡಿತ ಅದುಮಿ ಹಿಡಿದಿದ್ದ, ಮನಸ್ಸಿಗಾದ ಹಳೆಯ ಆಘಾತ ಎಷ್ಟೋ ಸಲ ಮೇಲೆ ಬರುತ್ತಿರುತ್ತದೆ. ಅದಕ್ಕೂ ಚಿಕಿತ್ಸೆ ಇದೆ. ಆ ಚಿಕಿತ್ಸೆಯವರೆಗೆ ಜೀವಕ್ಕೆ ಅಪಾಯವಾಗದಂತೆ ತಲುಪಬೇಕು, ತಲುಪಿದ ಮೇಲೆ ಅಲ್ಲಿಂದ ಹಿಂದಿರುಗಬಾರದು.

ಮೊದಲ ಕೆಲಸ ಅಳತೆ. "ಸ್ವಲ್ಪ ಕುಡಿಯುತ್ತಾರೆ" ಎಂಬುದರಿಂದ ವೈದ್ಯರಿಗೆ ಏನೂ ತಿಳಿಯುವುದಿಲ್ಲ. ವಿಸ್ಕಿ, ರಮ್, ಬ್ರಾಂದಿಯ 30 ಮಿ.ಲೀ.ನಲ್ಲಿ ಸುಮಾರು 10 ಗ್ರಾಂ ಆಲ್ಕೋಹಾಲ್ ಇರುತ್ತದೆ. ಆ ಲೆಕ್ಕದಲ್ಲಿ ಒಂದು ನೈಂಟಿ (90 ಮಿ.ಲೀ.) ಟೆಟ್ರಾ ಪ್ಯಾಕ್ ಎಂದರೆ 30 ಗ್ರಾಂ, ಒಂದು ಕ್ವಾರ್ಟರ್ (180 ಮಿ.ಲೀ.) ಎಂದರೆ 60 ಗ್ರಾಂ. 650 ಮಿ.ಲೀ.ನ ಸ್ಟ್ರಾಂಗ್ ಬಿಯರ್ ಬಾಟಲಿಯೊಂದು ನೈಂಟಿಗಿಂತ ಹೆಚ್ಚೇ ಹೊರತು ಕಮ್ಮಿ ಅಲ್ಲ. ಒಂದು ವಾರ ಸುಮ್ಮನೆ ಗಮನಿಸಿ ಬರೆದಿಡಿ: ಎಷ್ಟು, ಯಾವ ಹೊತ್ತಿಗೆ, ಮೊದಲ ಗುಟುಕು ಎಷ್ಟು ಗಂಟೆಗೆ. ಈ ಮೂರರಲ್ಲಿ ಕೊನೆಯದು ಬಹಳ ಮುಖ್ಯ. ಬೆಳಿಗ್ಗೆ ಎದ್ದ ಕೂಡಲೇ ಕೈ ನಡುಗಿ, ಕಾಫಿ ಲೋಟ ಹಿಡಿಯಲಾಗದೆ, ಒಂದು ನೈಂಟಿ ಬಿದ್ದ ಮೇಲೆ ನಡುಕ ನಿಲ್ಲುತ್ತಿದ್ದರೆ ದೇಹವೇ ಮದ್ಯಕ್ಕೆ ಒಗ್ಗಿಹೋಗಿದೆ ಎಂದರ್ಥ. ಅಂಥವರಿಗೆ ದೇವರ ಮುಂದೆ ಆಣೆ ಹಾಕಿಸಿ ಮನೆಯಲ್ಲೇ ಒಮ್ಮೆಲೇ ಬಿಡಿಸಲು ಹೋಗಬೇಡಿ. ಯಾಕೆಂದು ಮುಂದೆ ಹೇಳುತ್ತೇವೆ.

ಹಿಂದೆ ಯಾವಾಗಲಾದರೂ ಕುಡಿತ ನಿಲ್ಲಿಸಿದಾಗ ಫಿಟ್ಸ್ ಬಂದಿತ್ತೆ, ಇಲ್ಲದ್ದು ಕಂಡಿತ್ತೆ ಎಂಬುದನ್ನೂ ಅದೇ ಹಾಳೆಯಲ್ಲಿ ಬರೆಯಿರಿ. ಒಮ್ಮೆ ಬಂದವರಿಗೆ ಮತ್ತೆ ಬರುವ ಸಂಭವ ಹೆಚ್ಚು. ಸಕ್ಕರೆ ಕಾಯಿಲೆ, ಬಿಪಿ, ಕಾಮಾಲೆ, ನಿದ್ರೆ ಮಾತ್ರೆ, ತಲೆಗೆ ಬಿದ್ದ ಪೆಟ್ಟು, ಎಲ್ಲವೂ ಬೇಕು.

ಇನ್ನು ಮಾತು. ಕುಡಿದು ಬಂದ ರಾತ್ರಿ ಆಡುವ ಯಾವ ಮಾತೂ ಬೆಳಿಗ್ಗೆಗೆ ಉಳಿಯುವುದಿಲ್ಲ. ನೆನಪು ದಾಖಲಾಗುವ ಕೆಲಸವನ್ನೇ ಮದ್ಯ ನಿಲ್ಲಿಸುತ್ತದೆ, ಆದ್ದರಿಂದ "ನೆನಪಿಲ್ಲ" ಎಂಬುದು ಎಷ್ಟೋ ಸಲ ನಿಜ. ಬೆಳಿಗ್ಗೆ ನಡುಕ ಶುರುವಾಗಿ ಸಂಕಟಪಡುವ ಹೊತ್ತೂ ಬೇಡ. ಹೊಟ್ಟೆಗೆ ಏನಾದರೂ ಬಿದ್ದು, ತಲೆ ತಿಳಿಯಾಗಿ, ಮಕ್ಕಳು ಹತ್ತಿರ ಇಲ್ಲದ ಒಂದು ಕಾಲು ಗಂಟೆ ಸಾಕು. ಮಾವ, ಚಿಕ್ಕಪ್ಪ, ಊರ ಹಿರಿಯರನ್ನೆಲ್ಲ ಕೂರಿಸಿ ಪಂಚಾಯಿತಿ ಮಾಡುವುದು ನಮ್ಮಲ್ಲಿ ರೂಢಿ. ನಾಲ್ಕು ಜನರ ಮುಂದೆ ಮರ್ಯಾದೆ ಹೋದ ದಿನ ಸಂಜೆ ಕುಡಿತ ಹೆಚ್ಚಾಗುವುದನ್ನೇ ನಾವು ಕಂಡದ್ದು. ಆ ಕಾಲು ಗಂಟೆಯ ಮಾತು ಹೀಗಿದ್ದರೆ ನಡೆಯುತ್ತದೆ: "ರೀ, ನಿನ್ನೆ ರಾತ್ರಿ ನೀವು ಮೆಟ್ಟಿಲ ಮೇಲೆ ಬಿದ್ರಿ. ಪುಟ್ಟಿ ನೋಡಿದ್ಲು. ನಂಗೆ ಭಯ ಆಯ್ತು. ಮಂಗಳವಾರ ಡಾಕ್ಟ್ರನ್ನ ನೋಡಿ ಬರೋಣ, ನಾನೂ ಬರ್ತೀನಿ." ನಡೆದದ್ದು, ತನಗಾದದ್ದು, ಮಾಡಬೇಕಾದದ್ದು, ಅಷ್ಟೇ. "ನಿಮ್ಮಪ್ಪನ ಹಾಗೇ ಆದ್ರಿ" ಎಂಬ ಮಾತು ಮಾತ್ರ ಎಂದಿಗೂ ಬೇಡ. ಎಷ್ಟೋ ಮನೆಗಳಲ್ಲಿ ಗಾಯ ಇರುವುದೇ ಅಲ್ಲಿ.

ಹೀಗೆ ಮನೆಯವರಿಗೆ ತರಬೇತಿ ಕೊಟ್ಟು, ಅವರ ಮೂಲಕ ಕುಡಿಯುವವರನ್ನು ಚಿಕಿತ್ಸೆಗೆ ಕರೆತರುವ ಪದ್ಧತಿಗೆ ಕ್ರಾಫ್ಟ್ ಎನ್ನುತ್ತಾರೆ. ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ 130 ಮನೆಯವರನ್ನು ಸೇರಿಸಿಕೊಂಡು ಮಾಡಿ 1999ರಲ್ಲಿ ಪ್ರಕಟಿಸಿದ ಹೋಲಿಕೆಯಲ್ಲಿ, ಈ ದಾರಿ ಹಿಡಿದ ಮನೆಗಳ ಪೈಕಿ ನೂರಕ್ಕೆ 64ರಲ್ಲಿ ಕುಡಿಯುವವರು ಚಿಕಿತ್ಸೆಗೆ ಬಂದರು. ಎಲ್ಲರೂ ಸೇರಿ ಎದುರು ಕೂರಿಸಿ ಹೇಳುವ ದಾರಿಯಲ್ಲಿ ಬಂದವರು ನೂರಕ್ಕೆ 30. ಇದರ ತಿರುಳು ಸರಳ. ಕುಡಿಯದ ಸಂಜೆಯನ್ನು ಮನೆಯವರು ಹಿತವಾಗಿಸಬೇಕು: ಜೊತೆಗೆ ಊಟ, ಒಂದು ಒಳ್ಳೆಯ ಮಾತು, ಮಕ್ಕಳ ಜೊತೆ ಅರ್ಧ ಗಂಟೆ. ಕುಡಿದ ಸಂಜೆ ಜಗಳವಿಲ್ಲದೆ ದೂರ ಸರಿಯಬೇಕು. ಕುಡಿತದಿಂದಾದ ತೊಂದರೆಗಳನ್ನು ಅವರ ಪರವಾಗಿ ಮುಚ್ಚುವುದನ್ನು ನಿಲ್ಲಿಸಬೇಕು: ಆಫೀಸಿಗೆ ಜ್ವರ ಎಂದು ಫೋನ್ ಮಾಡುವುದು, ಬಾರಿನ ಸಾಲ ತೀರಿಸುವುದು, ವಾಂತಿ ತೊಳೆದು ಬಟ್ಟೆ ಬದಲಿಸಿ ಏನೂ ಆಗಿಲ್ಲವೆಂಬಂತೆ ಇರುವುದು. ಇದು ಶಿಕ್ಷೆ ಅಲ್ಲ, ಆಗಿದ್ದನ್ನು ಅವರು ನೋಡಲಿ ಎಂದು. ಪ್ರಾಣಕ್ಕೆ ಅಪಾಯ ಇರುವಲ್ಲಿ ಈ ನಿಯಮ ಹಿಡಿಯಬೇಡಿ. ಚಳಿಯಲ್ಲಿ ರಸ್ತೆ ಬದಿ ಬಿದ್ದವರನ್ನು ಎತ್ತಿ ತರಲೇಬೇಕು, ಅಂಗಾತ ಮಲಗಿಸದೆ ಮಗ್ಗುಲಾಗಿ ಮಲಗಿಸಬೇಕು.

ಎಲ್ಲಿಗೆ ಹೋಗುವುದು? ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಪ್ರತ್ಯೇಕ ಕೇಂದ್ರವಿದೆ, ಉತ್ತರ ಕರ್ನಾಟಕದವರಿಗೆ ಧಾರವಾಡದ ಡಿಮ್ಹಾನ್ಸ್ ಹತ್ತಿರ. ಆದರೆ ಮೊದಲ ಭೇಟಿಗೆ ಅಷ್ಟು ದೂರ ಹೋಗಲೇಬೇಕೆಂದಿಲ್ಲ. ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯರಿದ್ದಾರೆ. ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರ ಕ್ಲಿನಿಕ್ ನಡೆಯುತ್ತದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕನ್ನಡದಲ್ಲೇ ಮಾತನಾಡಬಹುದು. ಕುಡಿಯುವವರೇ ಮಾಡಬೇಕೆಂದಿಲ್ಲ, ಹೆಂಡತಿ, ತಾಯಿ, ತಮ್ಮ ಯಾರು ಬೇಕಾದರೂ ಮಾಡಬಹುದು. ವ್ಯಸನಕ್ಕೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ 14446. ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಹೊರಬಂದ ಸಮೀಕ್ಷೆಯಲ್ಲಿ, ಮದ್ಯವ್ಯಸನಿಗಳಲ್ಲಿ ಯಾವುದಾದರೂ ಚಿಕಿತ್ಸೆ ಸಿಕ್ಕಿದ್ದಾಗಿ ಹೇಳಿದವರು 38ರಲ್ಲಿ ಒಬ್ಬರು ಮಾತ್ರ. ಉಳಿದ ಮೂವತ್ತೇಳು ಜನರ ಮನೆಗಳಲ್ಲಿ ಎಂಥ ರಾತ್ರಿಗಳು ಕಳೆಯುತ್ತವೆ ಎಂಬುದು ನಮಗೆ ಗೊತ್ತು. ಅದಕ್ಕೇ ಈ ನಂಬರುಗಳನ್ನು ಅಡುಗೆಮನೆ ಗೋಡೆಯ ಮೇಲೇ ಬರೆದುಕೊಳ್ಳಿ ಎನ್ನುತ್ತೇವೆ.

ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯ ಎಂಟು ದಿನಗಳ ಮದ್ಯವರ್ಜನ ಶಿಬಿರಗಳಿಂದ ಬದುಕು ಕಟ್ಟಿಕೊಂಡವರು ಹಳ್ಳಿಹಳ್ಳಿಗಳಲ್ಲಿ ಸಿಗುತ್ತಾರೆ. ಶಿಬಿರ ಮುಗಿದ ಮೇಲೂ, ಕುಡಿತ ಬಿಟ್ಟವರ ನವಜೀವನ ಸಮಿತಿಯಲ್ಲಿ ಸೇರುತ್ತಿರುವುದು ಅದರ ನಿಜವಾದ ಬಲ. ಬೆಳಗಿನ ನಡುಕ, ಹಿಂದೆ ಫಿಟ್ಸ್, ಕಾಮಾಲೆ ಇರುವವರು ಮಾತ್ರ ಮೊದಲು ವೈದ್ಯರನ್ನು ಕಂಡು, ಆ ವಿಷಯ ತಿಳಿಸಿಯೇ ಸೇರಬೇಕು.

ಕೆಲವು ಖಾಸಗಿ "ಕೇಂದ್ರ"ಗಳ ಬಗ್ಗೆ ಎಚ್ಚರ. ರಾತ್ರಿ ವ್ಯಾನು ಕಳಿಸಿ ಎತ್ತಿಕೊಂಡು ಹೋಗುತ್ತೇವೆ, ಆರು ತಿಂಗಳು ಮನೆಯವರು ನೋಡುವ ಹಾಗಿಲ್ಲ ಎನ್ನುವ ಕಡೆ ಬಿಡಲೇಬೇಡಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮದ್ಯ, ಮಾದಕವಸ್ತುಗಳಿಂದಾಗುವ ಮಾನಸಿಕ ಸ್ಥಿತಿಗಳಿಗೂ ಅನ್ವಯಿಸುತ್ತದೆ. ಸರಪಳಿ ಹಾಕುವುದನ್ನು ಅದು ಪೂರ್ತಿ ನಿಷೇಧಿಸಿದೆ. ಸ್ವಂತ ಒಪ್ಪಿಗೆಯಿಂದ ಸೇರುವುದೇ ಸಾಮಾನ್ಯ ದಾರಿ. ತನಗೋ ಇತರರಿಗೋ ಅಪಾಯ ಮಾಡುವ ಸ್ಥಿತಿಯಲ್ಲಿ, ಅಥವಾ ತನ್ನನ್ನು ತಾನು ನೋಡಿಕೊಳ್ಳಲಾಗದ ಸ್ಥಿತಿಯಲ್ಲಿ ಇದ್ದರೆ, ನಾಮನಿರ್ದೇಶಿತ ಪ್ರತಿನಿಧಿಯ (ಅವರ ಪರವಾಗಿ ನಿಲ್ಲಲು ಗೊತ್ತು ಮಾಡಿದವರ) ಅರ್ಜಿಯ ಮೇಲೆ, ಇಬ್ಬರು ತಜ್ಞರು ಬೇರೆಬೇರೆಯಾಗಿ ಪರೀಕ್ಷಿಸಿದ ನಂತರ ದಾಖಲಿಸಬಹುದು. ಅವರಲ್ಲಿ ಒಬ್ಬರು ಮನೋವೈದ್ಯರಾಗಿರಬೇಕು, ಅವಧಿ ಮೊದಲಿಗೆ 30 ದಿನ ಮೀರುವಂತಿಲ್ಲ. ಸೇರಿಸುವ ಮೊದಲು ನೋಂದಣಿ ಪತ್ರ ಕೇಳಿ, ವೈದ್ಯರು ಯಾವಾಗ ಇರುತ್ತಾರೆ ಕೇಳಿ, ಮಲಗುವ ಕೋಣೆ ತೋರಿಸಿ ಎನ್ನಿ. ಹೊಡೆತ ತಿಂದು ಬಂದವರಿಗೆ ಹಳೆಯ ಗಾಯದ ಮೇಲೆ ಹೊಸದೊಂದು ಸೇರಿರುತ್ತದೆ, ಮುಂದೆ ಆಸ್ಪತ್ರೆ ಎಂದರೇ ಓಡುತ್ತಾರೆ.

ಈಗ ಮೊದಲ ನಾಲ್ಕು ದಿನ. ಮಿದುಳಿನ ಚಟುವಟಿಕೆಯನ್ನು ಮದ್ಯ ವರ್ಷಗಟ್ಟಲೆ ಅದುಮಿಟ್ಟಿರುತ್ತದೆ, ಮಿದುಳು ಅದಕ್ಕೆ ಎದುರಾಗಿ ಸದಾ ತನ್ನನ್ನು ಕೆರಳಿಸಿಟ್ಟುಕೊಳ್ಳುತ್ತದೆ. ಮದ್ಯ ತಟ್ಟನೆ ನಿಂತರೆ ಉಳಿಯುವುದು ಕೆರಳಿಕೆ ಮಾತ್ರ. ಕೊನೆಯ ಗುಟುಕಿನಿಂದ ಆರೆಂಟು ಗಂಟೆಯಲ್ಲಿ ನಡುಕ, ಬೆವರು, ವಾಕರಿಕೆ, ಎದೆ ಹೊಡೆತ. ಫಿಟ್ಸ್ ಬರುವುದಿದ್ದರೆ ಹೆಚ್ಚಾಗಿ ಮೊದಲ 48 ಗಂಟೆಯೊಳಗೆ. ಎರಡನೆಯ ದಿನದ ಕೊನೆಯಿಂದ ನಾಲ್ಕನೆಯ ದಿನದೊಳಗೆ ಕೆಲವರಿಗೆ ಗೊಂದಲ ಕವಿಯುತ್ತದೆ: ಗೋಡೆಯ ಮೇಲೆ ಹುಳು ಹರಿದಂತೆ, ಯಾರೋ ಕೊಲ್ಲಲು ಬಂದಂತೆ, ಜ್ವರ, ಬೆವರು, ಹಗಲೋ ರಾತ್ರಿಯೋ ತಿಳಿಯದು. ಇದು ಡೆಲಿರಿಯಂ ಟ್ರೆಮೆನ್ಸ್. ದೆವ್ವ ಮೆಟ್ಟಿತೆಂದು ಮಂತ್ರ ಹಾಕಿಸಲು ಕರೆದೊಯ್ಯುವುದು ಈ ಹಂತದಲ್ಲೇ, ಪ್ರಾಣ ಹೋಗುವುದೂ ಇದೇ ಹಂತದಲ್ಲಿ. 108 ಕರೆಯಿರಿ. ಫಿಟ್ಸ್ ಬಂದಾಗ ಕೈಗೆ ಕಬ್ಬಿಣ, ಬಾಯಿಗೆ ಚಮಚ ಕೊಡಬೇಡಿ. ಮಗ್ಗುಲಾಗಿಸಿ, ಸುತ್ತಲ ವಸ್ತು ಸರಿಸಿ, ಹೊತ್ತು ನೋಡಿಕೊಳ್ಳಿ. ಐದು ನಿಮಿಷ ದಾಟಿದರೆ ಒಂದು ಕ್ಷಣವೂ ಕಾಯುವಂತಿಲ್ಲ.

ಆಸ್ಪತ್ರೆಯಲ್ಲಿ ಕೊಡುವುದು ಕ್ಲೋರ್‌ಡಯಾಜೆಪಾಕ್ಸೈಡ್ ಅಥವಾ ಡಯಾಜೆಪಾಂ. ಯಕೃತ್ತು ಕೆಟ್ಟಿದ್ದರೆ ಲೋರಾಜೆಪಾಂ. ಮೊದಲ ದಿನಗಳಲ್ಲಿ ಹೆಚ್ಚು ಕೊಟ್ಟು, ವಾರ ಹತ್ತು ದಿನದಲ್ಲಿ ಇಳಿಸಿ ನಿಲ್ಲಿಸುತ್ತಾರೆ. ಆ ಚೀಟಿಯನ್ನೇ ಮೆಡಿಕಲ್ ಸ್ಟೋರಿಗೆ ಒಯ್ದು ತಿಂಗಳುಗಟ್ಟಲೆ ಮಾತ್ರೆ ತಂದರೆ ಒಂದು ಚಟದ ಜಾಗಕ್ಕೆ ಇನ್ನೊಂದು ಬರುತ್ತದೆ. ಇದರಷ್ಟೇ ಮುಖ್ಯ ಥಯಾಮಿನ್, ಅಂದರೆ ವಿಟಮಿನ್ ಬಿ1. ಊರಲ್ಲಿ ಸುಸ್ತಾದವರಿಗೆಲ್ಲ ಗ್ಲೂಕೋಸ್ ಹಾಕಿಸುವ ಅಭ್ಯಾಸ ಇದೆಯಲ್ಲ, ದಿನಾ ಕುಡಿದು ಊಟ ಬಿಟ್ಟವರಿಗೆ ಥಯಾಮಿನ್ ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಮಿದುಳಿಗೆ ಹಾನಿಯಾಗಬಹುದು. ಉಳಿದಿದ್ದ ಅಷ್ಟಿಷ್ಟು ಥಯಾಮಿನ್ ಸಕ್ಕರೆ ಕರಗಿಸುವುದಕ್ಕೇ ಖರ್ಚಾಗಿ ಹೋಗುತ್ತದೆ. ತೂರಾಡುವ ನಡಿಗೆ, ಕಣ್ಣುಗುಡ್ಡೆಯ ಅದುರಾಟ, ಗೊಂದಲ ಆ ಹಾನಿಯ ಗುರುತು. ಕುಡಿದದ್ದಕ್ಕೇ ತೂರಾಡುತ್ತಾರೆ ಅಂದುಕೊಂಡು ಬಿಟ್ಟರೆ ನೆನಪಿನ ಶಕ್ತಿ ಶಾಶ್ವತವಾಗಿ ಹೋಗಬಹುದು. ಡ್ರಿಪ್ ಹಾಕುವ ಮೊದಲೇ ಬಾಯಿಬಿಟ್ಟು ಹೇಳಿ: "ಇವರು ದಿನಾ ಕುಡೀತಾರೆ ಡಾಕ್ಟ್ರೇ."

ವಾರ್ಡಿನಿಂದ ಮನೆಗೆ ಬಂದ ಮೊದಲ ವಾರ ಹಬ್ಬದಂತಿರುತ್ತದೆ. ಆಮೇಲೆ ಬರುವುದೇ ನಾವು ಆರಂಭದಲ್ಲಿ ಹೇಳಿದ ದಿನಗಳು.

ಮದ್ಯ ಕನಸು ಬೀಳುವ ನಿದ್ರೆಯನ್ನು ಅದುಮುತ್ತದೆ. ಅದು ನಿಂತಾಗ ಕನಸುಗಳು ದುಪ್ಪಟ್ಟಾಗಿ ಮರಳುತ್ತವೆ, ಆಘಾತ ಕಂಡವರಿಗೆ ಮರಳುವುದು ಆ ಆಘಾತವೇ. ಬೈಕ್ ಅಪಘಾತದಲ್ಲಿ ಕಣ್ಣೆದುರೇ ಸತ್ತ ಗೆಳೆಯ, ಎಂಟು ವರ್ಷದವನಾಗಿದ್ದಾಗ ಅಪ್ಪ ಅಮ್ಮನನ್ನು ಹೊಡೆದ ರಾತ್ರಿ, ಹಾಸ್ಟೆಲಿನಲ್ಲಿ ಯಾರಿಗೂ ಹೇಳಲಾಗದಂತೆ ಆದದ್ದು, ಸಾಲಕ್ಕೆ ಹೆದರಿ ವಿಷ ಕುಡಿದ ಅಣ್ಣನ ದೇಹ ಮೊದಲು ಕಂಡದ್ದು. ಕುಡಿದರೆ ಇದೆಲ್ಲ ನಾಲ್ಕು ಗಂಟೆ ದೂರ ಸರಿಯುತ್ತಿತ್ತು. ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ 17,000ಕ್ಕೂ ಹೆಚ್ಚು ಜನ ಭಾಗವಹಿಸಿದ, ಬಾಲ್ಯದ ಕಷ್ಟಗಳ ಅಧ್ಯಯನ 1998ರಿಂದ ಪ್ರಕಟವಾಗತೊಡಗಿತು. ಹೊಡೆತ, ಲೈಂಗಿಕ ದೌರ್ಜನ್ಯ, ಮನೆಯಲ್ಲಿ ಕುಡಿತ, ತಾಯಿಯ ಮೇಲೆ ಹಿಂಸೆ ಮುಂತಾದವುಗಳಲ್ಲಿ ನಾಲ್ಕು ಅಥವಾ ಹೆಚ್ಚು ಕಂಡವರಿಗೆ, ಒಂದೂ ಕಾಣದವರಿಗೆ ಹೋಲಿಸಿದರೆ, ಮದ್ಯವ್ಯಸನ, ಮಾದಕವ್ಯಸನ, ಖಿನ್ನತೆ, ಆತ್ಮಹತ್ಯೆ ಯತ್ನಗಳ ಅಪಾಯ ನಾಲ್ಕರಿಂದ ಹನ್ನೆರಡು ಪಟ್ಟು ಇತ್ತು. ಎಲ್ಲ ಕುಡಿತದ ಹಿಂದೆಯೂ ಆಘಾತ ಇರುತ್ತದೆ ಎಂದಲ್ಲ. ವಂಶವಾಹಿ, ಗೆಳೆಯರ ಸಹವಾಸ, ಸುಲಭವಾಗಿ ಸಿಗುವ ಟೆಟ್ರಾ ಪ್ಯಾಕ್ ಸಾಕು ಚಟ ಅಂಟಲು. ಆದರೆ ಆಘಾತ ಇರುವಲ್ಲಿ ಅದನ್ನು ಮುಟ್ಟದೆ ಬರೀ ಬಾಟಲಿ ಕಿತ್ತುಕೊಂಡರೆ ಸಾಲದು.

ಗುರುತುಗಳು ಹೀಗಿರುತ್ತವೆ: ಒಂದೇ ದೃಶ್ಯ ಕನಸಿನಲ್ಲೋ ಹಗಲಲ್ಲೋ ಮತ್ತೆಮತ್ತೆ ಬರುವುದು, ಒಂದು ರಸ್ತೆ, ಒಂದು ವಾಸನೆ, ಒಬ್ಬ ವ್ಯಕ್ತಿಯಿಂದ ತಪ್ಪಿಸಿಕೊಳ್ಳುವುದು, ಬೆನ್ನು ಗೋಡೆಗೆ ಕೊಟ್ಟೇ ಕೂರುವುದು, ಪಟಾಕಿಗೆ ನಡುಗುವುದು, ಎಲ್ಲಕ್ಕೂ ತಾನೇ ಕಾರಣ ಎಂಬ ನಂಬಿಕೆ, ಮಕ್ಕಳನ್ನು ಎತ್ತಿಕೊಂಡರೂ ಏನೂ ಅನ್ನಿಸದಿರುವುದು. ಒಂದು ತಿಂಗಳಿಗಿಂತ ಹೆಚ್ಚು ಕಾಲ ಇವು ಉಳಿದು ಬದುಕಿಗೆ ಅಡ್ಡಿಯಾದರೆ ಪಿಟಿಎಸ್‌ಡಿ ಎಂಬ, ಆಘಾತದಿಂದ ಬರುವ ಮಾನಸಿಕ ಕಾಯಿಲೆಯೇ ಎಂದು ಪರೀಕ್ಷಿಸಬೇಕು. ಬರೀ ಮದ್ಯ ಬಿಟ್ಟದ್ದರ ನಿದ್ರಾಹೀನತೆ, ಸಿಡುಕು ವಾರ, ತಿಂಗಳುಗಳಲ್ಲಿ ನಿಧಾನವಾಗಿ ಇಳಿಯುತ್ತದೆ. ಆಘಾತದ ಲಕ್ಷಣ ಇಳಿಯುವುದಿಲ್ಲ, ಕೆಲವರಲ್ಲಿ ಏರುತ್ತದೆ. ಆದ್ದರಿಂದಲೇ ಮರುಭೇಟಿಯಲ್ಲಿ "ಕುಡೀತಿಲ್ಲ, ಚೆನ್ನಾಗಿದಾರೆ" ಎಂದಷ್ಟೇ ಹೇಳಿ ಎದ್ದು ಬರಬೇಡಿ. ಎಷ್ಟು ಗಂಟೆ ನಿದ್ರೆ, ಎಷ್ಟು ಸಲ ಬೆಚ್ಚಿದರು, ಯಾವುದಕ್ಕೆ ಸಿಡಿದರು ಎಂಬುದನ್ನೂ ಹೇಳಿ.

ಮನೆಯವರು ಮಾಡಬಾರದ್ದು ಕೆದಕುವುದು. "ಏನಾಗಿತ್ತು ಹೇಳು, ಹೇಳಿದ್ರೆ ಹಗುರ ಆಗತ್ತೆ" ಎಂದು ಒತ್ತಾಯಿಸಿ ಹೊರತೆಗೆಸಿದ ಮಾತು ಆ ರಾತ್ರಿಯೇ ಬಾರಿಗೆ ಕಳಿಸಬಹುದು. ತಾವಾಗಿ ಹೇಳಿದರೆ ಕೇಳಿ, ನಂಬಿ, "ಆಗ ಯಾಕೆ ಹೇಳಲಿಲ್ಲ" ಎನ್ನಬೇಡಿ. ದುಃಸ್ವಪ್ನದಿಂದ ಕಿರುಚಿ ಎದ್ದಾಗ ಮೈಮುಟ್ಟಿ ಅಲುಗಾಡಿಸಬೇಡಿ. ಅರೆನಿದ್ರೆಯಲ್ಲಿ ನಿಮ್ಮ ಕೈ ಹಳೆಯ ಯಾವುದೋ ಕೈಯಂತೆ ಕಂಡು ಪೆಟ್ಟು ಬೀಳಬಹುದು. ದೀಪ ಹಾಕಿ, ಕಾಲ ಬಳಿ ನಿಂತು ಹೆಸರು ಹಿಡಿದು ಕರೆಯಿರಿ: "ಅಣ್ಣ, ನಾನು. ನಮ್ಮನೇಲಿದೀಯ. ಇವತ್ತು ಗುರುವಾರ. ಎದ್ದು ಕೂತ್ಕೊ, ನೀರು ಕುಡಿ." ಪಾದ ನೆಲಕ್ಕೆ ಊರಿಸಿ, ಮುಖಕ್ಕೆ ತಣ್ಣೀರು ಹಾಕಿಸಿ, ಕೋಣೆಯಲ್ಲಿ ಕಾಣುವ ಐದು ವಸ್ತುಗಳ ಹೆಸರು ಹೇಳಿಸಿ. ಹಗಲಲ್ಲಿ ಮನೆಯ ಹೊತ್ತು ಗೊತ್ತುಗಳನ್ನು ಬದಲಿಸದೆ ಇಡಿ: ಊಟ ಇಷ್ಟೊತ್ತಿಗೆ, ಮಲಗುವುದು ಇಷ್ಟೊತ್ತಿಗೆ. ಹಿಂದಿನಿಂದ ಬಂದು ಬೆಚ್ಚಿಸಬೇಡಿ, ಮಕ್ಕಳಿಗೂ ಹೇಳಿಕೊಡಿ.

ವರ್ಷ ಕುಡಿಯದಿದ್ದು ತೋರಿಸಿದ ಮೇಲೆಯೇ ಆಘಾತದ ಚಿಕಿತ್ಸೆ ಎಂಬ ಪದ್ಧತಿ ಹಿಂದೆ ಇತ್ತು. ಈಗ ಎರಡನ್ನೂ ಒಟ್ಟಿಗೆ ನೋಡುವುದೇ ಸರಿ ಎಂಬ ಅಭಿಪ್ರಾಯ ಗಟ್ಟಿಯಾಗಿದೆ. ಮೊದಲು ವಿತ್‌ಡ್ರಾವಲ್, ಅಂದರೆ ಮದ್ಯ ನಿಂತ ಮೊದಲ ದಿನಗಳ ನಡುಕ, ಗೊಂದಲ ದಾಟಿಸಿ, ನಿದ್ರೆ ಮತ್ತು ಭಯವನ್ನು ನಿಭಾಯಿಸುವ ಕೌಶಲ ಕಲಿಸಿ, ಆಮೇಲೆ ತರಬೇತಿ ಪಡೆದ ಮನಶ್ಶಾಸ್ತ್ರಜ್ಞರೊಂದಿಗೆ ಆ ನೆನಪನ್ನು ಹಂತಹಂತವಾಗಿ ಎದುರಿಸುವುದು. ಅದರಲ್ಲಿ ಕೆಲವು ವಿಧಾನಗಳಿವೆ; ಆ ಘಟನೆಯ ಸುತ್ತ ಕಟ್ಟಿಕೊಂಡ ನಂಬಿಕೆಗಳನ್ನು ಪರೀಕ್ಷಿಸುವ ಒಂದು ವಿಧಾನ ಸಾಮಾನ್ಯವಾಗಿ 12 ಭೇಟಿಗಳದ್ದು. ಮೊದಲ ಕೆಲವು ಭೇಟಿಗಳ ನಂತರ ಸಂಕಟ ಹೆಚ್ಚಾಗುವುದುಂಟು, ಅದನ್ನು ಮೊದಲೇ ತಿಳಿದಿದ್ದರೆ ನಡುವೆ ಬಿಡುವುದು ತಪ್ಪುತ್ತದೆ. ಚಿಕಿತ್ಸೆಯ ದಿನ ಸಂಜೆ ಜೊತೆಗೆ ಯಾರಾದರೂ ಇರಿ.

ಮತ್ತೆ ಕುಡಿಯದಂತೆ ನೆರವಾಗುವ ಮಾತ್ರೆಗಳಿವೆ. ನಾಲ್ಟ್ರೆಕ್ಸೋನ್ ದಿನಕ್ಕೆ 50 ಮಿ.ಗ್ರಾಂ.; ಕುಡಿತದ ಸುಖವನ್ನೇ ಮೊಂಡಾಗಿಸುತ್ತದೆ. ಟ್ರಮಡಾಲ್‌ನಂಥ ನೋವಿನ ಮಾತ್ರೆಯ ಜೊತೆ ಸೇರದು, ಆಪರೇಷನ್ ಇದ್ದರೆ ಮೊದಲೇ ತಿಳಿಸಬೇಕು. ಅಕಾಂಪ್ರೋಸೇಟ್ 333 ಮಿ.ಗ್ರಾಂ.ನ ಎರಡೆರಡು ಮಾತ್ರೆ ದಿನಕ್ಕೆ ಮೂರು ಹೊತ್ತು; ಮೂತ್ರಪಿಂಡ ಸರಿಯಿರಬೇಕು. ಯಾರಿಗೆ ಯಾವುದು, ಎಷ್ಟು ಎಂಬುದನ್ನು ವೈದ್ಯರೇ ಹೇಳಬೇಕು.

ಡೈಸಲ್ಫಿರಾಂ ಬಗ್ಗೆ ಬಿಡಿಸಿ ಹೇಳಲೇಬೇಕು, ಯಾಕೆಂದರೆ ಅದನ್ನು ಸಾರಿನಲ್ಲಿ ಬೆರೆಸಿ ಗೊತ್ತಿಲ್ಲದಂತೆ ಕೊಡುವ ಮನೆಗಳು ಇನ್ನೂ ಇವೆ, "ಕುಡಿತ ಬಿಡಿಸುವ ಪುಡಿ" ಎಂದು ಮಾರುವವರೂ ಇದ್ದಾರೆ. ಇದರ ಮೇಲೆ ಕುಡಿದರೆ ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ವಾಂತಿಯಾಗಿ, ಬಿಪಿ ಕುಸಿಯುತ್ತದೆ; ಹೃದಯ ದುರ್ಬಲವಾಗಿದ್ದವರು ಸಾಯಬಹುದು. ಮಾತ್ರೆ ನಿಲ್ಲಿಸಿ ಎರಡು ವಾರದವರೆಗೂ ಈ ಅಪಾಯ ಇರುತ್ತದೆ. ತಾನೇ ಒಪ್ಪಿ, ಪರಿಣಾಮ ತಿಳಿದು, ಮನೆಯವರ ಎದುರು ನುಂಗುವವರಿಗೆ ಇದು ನಿಜಕ್ಕೂ ಒಳ್ಳೆಯ ಮಾತ್ರೆ. ಅಂಥವರು ಕೆಮ್ಮಿನ ಸಿರಪ್, ದ್ರಾಕ್ಷಾರಿಷ್ಟ, ಅಶೋಕಾರಿಷ್ಟದಂಥ ಔಷಧಗಳಿಂದಲೂ ದೂರ ಇರಬೇಕು. ಅರಿಷ್ಟ, ಆಸವಗಳಲ್ಲಿ ಹುದುಗಿನಿಂದಲೇ ಆಲ್ಕೋಹಾಲ್ ಹುಟ್ಟಿರುತ್ತದೆ. ಕದ್ದು ಬೆರೆಸಿದ್ದು ಗೊತ್ತಾದ ದಿನ, ಬಾಲ್ಯದಿಂದ ಯಾರನ್ನೂ ನಂಬಲಾಗದ ಮನುಷ್ಯ ಮನೆಯ ಊಟವನ್ನೂ ನಂಬದಂತಾಗುತ್ತಾನೆ.

ಜಾರುವ ದಿನಗಳನ್ನು ಮೊದಲೇ ಕ್ಯಾಲೆಂಡರಿನಲ್ಲಿ ಗುರುತು ಮಾಡಿ: ಸಂಬಳದ ದಿನ, ಯುಗಾದಿಯ ಮಾರನೇ ದಿನದ ಹೊಸತೊಡಕು, ಊರ ಜಾತ್ರೆ, ಗೆಳೆಯನ ಮದುವೆ, ಸತ್ತವರ ತಿಥಿ, ಅಪಘಾತ ಆದ ತಾರೀಖು. ಆ ದಿನ ಯಾರ ಜೊತೆ, ಎಲ್ಲಿ ಇರುವುದೆಂದು ಹಿಂದಿನ ವಾರವೇ ಮಾತಾಡಿಕೊಳ್ಳಿ. ಒಂದು ಸಲ ಕುಡಿದರೆ ಎಲ್ಲ ಮುಗಿಯಿತು ಎಂದು ಅವರಿಗೂ ಅನ್ನಿಸುತ್ತದೆ, ಆ ನಾಚಿಕೆಯೇ ಎರಡನೆಯ ಬಾಟಲಿ ತೆರೆಸುತ್ತದೆ. ಮಾರನೇ ದಿನವೇ ಅದೇ ಫೈಲು ಹಿಡಿದು ಅದೇ ಓಪಿಡಿಗೆ ಹೋಗಿ. ಒಂದೆರಡು ದಿನದ ಕುಡಿತಕ್ಕೆ ಮತ್ತೆ ದಾಖಲಾತಿ ಬೇಕಾಗದೆಯೂ ಇರಬಹುದು. ವಾರಗಟ್ಟಲೆ ಕುಡಿದಿದ್ದರೆ ಮತ್ತೆ ಮೊದಲ ನಾಲ್ಕು ದಿನಗಳ ಎಚ್ಚರವೆಲ್ಲ ಬೇಕು.

"ನಾನಿಲ್ದಿದ್ರೆ ನೀವೆಲ್ಲ ಚೆನ್ನಾಗಿರ್ತೀರಿ" ಎಂಬ ಮಾತನ್ನು ಕುಡಿದ ಮಾತೆಂದು ತಳ್ಳಿಹಾಕಬೇಡಿ. ಸಾಯುವ ಯೋಚನೆ ಬರ್ತಿದೆಯಾ ಎಂದು ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೊಲಕ್ಕೆ ಹೊಡೆಯುವ ಔಷಧಿ ಮನೆಯಿಂದ ಆಚೆ, ಬೀಗ ಹಾಕಿ ಇಡಿ, ಕೀಲಿ ಬೇರೆಯವರ ಬಳಿ ಇರಲಿ. ಮಾತ್ರೆಗಳನ್ನು ಒಂದೊಂದು ದಿನದ್ದಷ್ಟೇ ಕೈಗೆ ಕೊಡಿ.

ಕೈ ಎತ್ತುವ ಮನೆಯಲ್ಲಿ ಮೇಲೆ ಹೇಳಿದ ತಾಳ್ಮೆಯ ಮಾತೆಲ್ಲ ಎರಡನೆಯದು. ಆಘಾತ ಅವರ ಸಿಟ್ಟಿಗೆ ಕಾರಣ ಇರಬಹುದು, ಹೊಡೆಯಲು ಅನುಮತಿ ಅಲ್ಲ. ಆಧಾರ್, ರೇಷನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್ಕಿನ ಜೆರಾಕ್ಸ್, ಒಂದಿಷ್ಟು ಹಣ, ಮಕ್ಕಳ ಬಟ್ಟೆ ಒಂದು ಚೀಲದಲ್ಲಿ ಪಕ್ಕದ ಮನೆಯಲ್ಲಿಡಿ. 112 ಪೊಲೀಸರಿಗೆ, 181 ಮಹಿಳಾ ಸಹಾಯವಾಣಿಗೆ, 1098 ಮಕ್ಕಳಿಗೆ. ವರ್ಷಗಟ್ಟಲೆ ಗೇಟಿನ ಸದ್ದಿಗೆ ಕಿವಿಗೊಟ್ಟು ಮಲಗಿದ ಹೆಂಡತಿಗೂ ಮಕ್ಕಳಿಗೂ ಅದೇ ಬೆಚ್ಚುವಿಕೆ, ಅದೇ ನಿದ್ರೆಗೇಡು ಅಂಟಿರುತ್ತದೆ. ಆಸ್ಪತ್ರೆಯಲ್ಲಿ ಫೈಲು ಮಾಡಿಸುವಾಗ ನಿಮ್ಮ ಹೆಸರಿನಲ್ಲೂ ಒಂದು ಚೀಟಿ ಮಾಡಿಸಿ. ಅಲ್-ಅನಾನ್ ಎಂಬ ಮನೆಯವರ ಗುಂಪಿಗೆ ಶುಲ್ಕವಿಲ್ಲ, ಕುಡಿಯುವವರು ಬಿಟ್ಟಿರಲಿ ಬಿಡದಿರಲಿ, ನೀವು ಹೋಗಬಹುದು.

ಮಕ್ಕಳಿಗೆ ಅವರ ವಯಸ್ಸಿಗೆ ತಕ್ಕಂತೆ ನಿಜ ಹೇಳಿ: "ಅಪ್ಪಂಗೆ ಕಾಯಿಲೆ ಇದೆ. ನಿನ್ನಿಂದ ಬಂದಿದ್ದಲ್ಲ. ಡಾಕ್ಟ್ರು ನೋಡ್ತಿದಾರೆ. ರಾತ್ರಿ ಭಯ ಆದ್ರೆ ನನ್ನ ಹತ್ರ ಬಾ." ಶಾಲೆಯಲ್ಲಿ ನಂಬಿಕಸ್ಥ ಟೀಚರ್ ಒಬ್ಬರಿಗೆ ವಿಷಯ ತಿಳಿದಿರಲಿ. ಬಾರಿನಿಂದ ಅಪ್ಪನನ್ನು ಕರೆತರಲು, ಟೆಟ್ರಾ ಪ್ಯಾಕ್ ತಂದುಕೊಡಲು ಮಕ್ಕಳನ್ನು ಕಳಿಸುವುದು ಇಂದಿನಿಂದಲೇ ನಿಲ್ಲಲಿ.